ಟ್ರಾಕ್ಟರ್‌ಗೆ ತಗಡು ಹೊದಿಸಿದರೆ ಟ್ಯಾಂಕ್ ಆಗುತ್ತಾ?

ಕ್ಯಾಲಿಫೋರ್ನಿಯಾದ ಸ್ಟಾಕ್ಟನ್ ಸುತ್ತಮುತ್ತಲಿನ ರೈತರಿಗೆ 1900ರ ಹೊತ್ತಿಗೆ ಒಂದು ವಿಚಿತ್ರ ತಾಪತ್ರಯ ಇತ್ತು. ನೆಲ ಬಂಗಾರದಂಥದ್ದು, ಬಿತ್ತಿದ್ದೆಲ್ಲ ಬೆಳೆಯುತ್ತಿತ್ತು. ಆದರೆ ಅದರ ಮೇಲೆ ಕಾಲಿಡುವ ಹಾಗಿರಲಿಲ್ಲ. ಸ್ಯಾನ್ ವಾಕೀನ್ ನದಿ ಸಮುದ್ರದ ಕಡೆ ಹರಡಿಕೊಳ್ಳುವ ಜಾಗ ಅದು. ಸಾವಿರಾರು ವರ್ಷ ಜೊಂಡುಹುಲ್ಲು ಕೊಳೆತು ಕೊಳೆತು ಆದ ಕಪ್ಪು, ಮೆತ್ತನೆ ಮಣ್ಣು. ಉಳುವ ಕುದುರೆಗಳ ಗೊರಸಿಗೂ ಅಗಲವಾದ ಪಾದರಕ್ಷೆ ಕಟ್ಟಿಯೇ ಹೊಲಕ್ಕೆ ಇಳಿಸುತ್ತಿದ್ದರು. ಇನ್ನು ಟನ್‌ಗಟ್ಟಲೆ ತೂಗುವ ಸ್ಟೀಮ್ ಟ್ರಾಕ್ಟರಿನ ಪಾಡು ಕೇಳಬೇಕೇ? ಇಳಿಸಿದರೆ ಇಳಿದೇ ಹೋಗುತ್ತಿತ್ತು.

ಆ ಊರಲ್ಲಿ ಕೃಷಿ ಯಂತ್ರಗಳ ಕಾರ್ಖಾನೆ ಇಟ್ಟುಕೊಂಡಿದ್ದ ಬೆಂಜಮಿನ್ ಹೋಲ್ಟ್ ಮೊದಲು ಎಲ್ಲರಿಗೂ ಹೊಳೆಯುವ ಉಪಾಯವನ್ನೇ ಮಾಡಿದ: ಚಕ್ರ ಅಗಲ ಮಾಡುವುದು. ಇನ್ನೂ ಅಗಲ, ಇನ್ನೂ ಅಗಲ ಅಂತ ಹೋಗಿ ಒಂದು ಮಾದರಿಯಲ್ಲಿ ಇಡೀ ಗಾಡಿಯ ಅಗಲ 46 ಅಡಿ ಮುಟ್ಟಿತು. ಹೊಲದಲ್ಲಿ ಅದು ಮುಳುಗದೇ ಇರಬಹುದು, ಆದರೆ ಅದನ್ನು ಹೊಲಕ್ಕೆ ಒಯ್ಯುವ ದಾರಿ ಎಲ್ಲಿಂದ ತರುವುದು? ಕೊನೆಗೆ ಹೋಲ್ಟ್ ಹಿಂದಿನ ಚಕ್ರಗಳನ್ನೇ ಬಿಚ್ಚಿಹಾಕಿದ. ಆ ಜಾಗದಲ್ಲಿ ಮರದ ಪಟ್ಟಿಗಳನ್ನು ಚೈನಿಗೆ ಸಾಲಾಗಿ ಜೋಡಿಸಿ ಸುತ್ತಿಸಿದ. 1904ರ ನವೆಂಬರ್ 24ರಂದು ಸ್ಟಾಕ್ಟನ್ ಪಕ್ಕದ ರಾಬರ್ಟ್ಸ್ ಐಲೆಂಡ್‌ನಲ್ಲಿ ಇದರ ಪರೀಕ್ಷೆ ಆಯಿತು. ಜನ ನಡೆಯಲು ಹೆದರುವ ನೆಲದ ಮೇಲೆ ಗಾಡಿ ಆರಾಮಾಗಿ ಹೋಯಿತು. ಅದು ಹರಿದಾಡುವ ರೀತಿ ನೋಡಿ ಯಾರೋ ಕಂಬಳಿಹುಳು ಅಂದರು. 'ಕ್ಯಾಟರ್‌ಪಿಲ್ಲರ್' ಎಂಬ ಹೆಸರು ನಿಂತಿತು.

ಹೋಲ್ಟ್ ಒಬ್ಬನಿಗೇ ಇದು ಹೊಳೆದದ್ದಲ್ಲ. ಅದೇ ವರ್ಷ ಇಂಗ್ಲೆಂಡಿನ ಗ್ರಾಂಥಮ್ ಊರಿನ ಹಾರ್ನ್ಸ್‌ಬಿ ಕಂಪನಿಯ ಮುಖ್ಯ ಎಂಜಿನಿಯರ್ ಡೇವಿಡ್ ರಾಬರ್ಟ್ಸ್ ಕೂಡ ಚೈನ್ ಗಾಡಿಗೆ ಪೇಟೆಂಟ್ ತೆಗೆದುಕೊಂಡಿದ್ದ. ಬ್ರಿಟಿಷ್ ಸೇನೆಗೆ ಓಡಿಸಿ ತೋರಿಸಿದ್ದೂ ಆಯಿತು. ಸೇನೆ ಹೆಚ್ಚೇನೂ ಕೊಳ್ಳಲಿಲ್ಲ. ಬೇಸತ್ತ ಕಂಪನಿ ಆ ಹಕ್ಕನ್ನು ಹೋಲ್ಟ್‌ಗೇ ಮಾರಿತು. ಕೆಲವೇ ವರ್ಷಗಳಲ್ಲಿ ಅದೇ ಸೇನೆ ಹೋಲ್ಟ್ ಗಾಡಿಗಳನ್ನು ದುಡ್ಡು ಕೊಟ್ಟು ಅಮೆರಿಕದಿಂದ ತರಿಸಿಕೊಳ್ಳಬೇಕಾಯಿತು. ಸರ್ಕಾರಿ ಖರೀದಿ ಅಂದರೆ ಎಲ್ಲ ಕಡೆ ಹೀಗೇ ಅನ್ನಿಸುತ್ತೆ.

ಈ ಚೈನ್ ಮಾಡುವ ಕೆಲಸ ಏನು ಅಂತ ಒಂದು ಅಂದಾಜು ಲೆಕ್ಕ ಹಾಕೋಣ. ಗಾಡಿ ಹೂತುಹೋಗುವುದು ಬರೀ ತೂಕದಿಂದಲ್ಲ. ಆ ತೂಕ ಎಷ್ಟು ಜಾಗದ ಮೇಲೆ ಕೂತಿದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. 10 ಟನ್ ಗಾಡಿ ಕಬ್ಬಿಣದ ಚಕ್ರಗಳ ಮೇಲೆ ನಿಂತಿದೆ, ಎಲ್ಲ ಚಕ್ರ ಸೇರಿ ನೆಲಕ್ಕೆ ತಾಗುವ ಜಾಗ 5,000 ಚದರ ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಒಂದು ಚದರ ಸೆಂಟಿಮೀಟರ್ ಮೇಲೆ 2 ಕಿಲೋ ಭಾರ ಬಿತ್ತು. ಅದೇ ಗಾಡಿಗೆ 60 ಸೆಂಟಿಮೀಟರ್ ಅಗಲದ, 2 ಮೀಟರ್ ನೆಲಕ್ಕೆ ತಾಗುವ ಎರಡು ಚೈನ್ ಹಾಕಿದರೆ ಜಾಗ 24,000 ಚದರ ಸೆಂಟಿಮೀಟರ್ ಆಗುತ್ತದೆ. ಭಾರ 400 ಗ್ರಾಮ್ ಆಸುಪಾಸಿಗೆ ಇಳಿಯುತ್ತದೆ. ಅಂದರೆ 60 ಕಿಲೋ ಮನುಷ್ಯ ನಡೆಯುವಾಗ ಒಂದು ಕಾಲ ಮೇಲೆ ಬೀಳುವಷ್ಟೇ ಭಾರ. ಮನುಷ್ಯ ನಡೆಯಬಲ್ಲ ಕಡೆ 10 ಟನ್ ಗಾಡಿಯೂ ಹೋಗುತ್ತದೆ.

ಗಂಗಾವತಿ, ಸಿಂಧನೂರು ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಭತ್ತದ ಕೊಯ್ಲಿನ ಹೊತ್ತಿಗೆ ಮಳೆ ಬಂದು ಗದ್ದೆ ಒಣಗದಿದ್ದರೆ ಟೈರಿನ ಹಾರ್ವೆಸ್ಟರ್ ಬದುವಿನ ಮೇಲೆ ನಿಲ್ಲುತ್ತದೆ, ಚೈನಿನ ಹಾರ್ವೆಸ್ಟರ್‌ಗೆ ಫೋನ್ ಹೋಗುತ್ತದೆ. ಬಾಡಿಗೆ ಜಾಸ್ತಿ, ಆದರೂ ಕೊಡುತ್ತಾರೆ. ಬೆಂಜಮಿನ್ ಹೋಲ್ಟ್ ಮಾರಿದ್ದೂ ಇದನ್ನೇ.

1906ರ ನಂತರ ಹೋಲ್ಟ್ ಗಾಡಿಗಳಿಗೆ ಸ್ಟೀಮ್ ಬದಲು ಪೆಟ್ರೋಲ್ ಎಂಜಿನ್ ಬಂತು. ಯುದ್ಧದಲ್ಲಿ ಹೆಸರು ಮಾಡಿದ ಮಾದರಿ 'ಹೋಲ್ಟ್ 75'. ಅದರ ಎಂಜಿನ್ನಿಗೆ ನಾಲ್ಕೇ ಸಿಲಿಂಡರ್, ಆದರೆ ಗಾತ್ರ 23 ಲೀಟರಿನಷ್ಟು. ಶಕ್ತಿ 75 ಎಚ್‌ಪಿ. ಇವತ್ತು ನಮ್ಮ ಊರುಗಳಲ್ಲಿ ಓಡಾಡುವ 45 ಎಚ್‌ಪಿ ಟ್ರಾಕ್ಟರಿನ ಎಂಜಿನ್ 3 ಲೀಟರ್ ಆಸುಪಾಸು, ಗಾಡಿಯ ತೂಕ 2 ಟನ್. ಹೋಲ್ಟ್ 75 ಸುಮಾರು 10 ಟನ್ ಇತ್ತು. ಉಳುವ ಗೇರಿನಲ್ಲಿ ಅದರ ವೇಗ ಗಂಟೆಗೆ 3-4 ಕಿಲೋಮೀಟರ್, ನಾವು ನಡೆಯುವುದಕ್ಕಿಂತ ನಿಧಾನ. ನೇಗಿಲು ಎಳೆಯಲು ಅಷ್ಟು ಸಾಕು. ಮುಂದೆ ಗಾಡಿ ತಿರುಗಿಸಲು ಮೂತಿಯ ಹತ್ತಿರ ಒಂದು ಒಂಟಿ ಚಕ್ರ ಇತ್ತು. ಈ ವಿವರಗಳನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ಹೊಲದಲ್ಲಿ ಗುಣ ಅನಿಸಿಕೊಂಡ ಒಂದೊಂದೂ ಯುದ್ಧದಲ್ಲಿ ಹೇಗೆ ಕಾಟ ಕೊಟ್ಟಿತು ಅನ್ನುವುದೇ ಮುಂದಿನ ಕತೆ.

1914ರಲ್ಲಿ ಮಹಾಯುದ್ಧ ಶುರುವಾಯಿತು. ಬ್ರಿಟಿಷರು ಹೋಲ್ಟ್ ಟ್ರಾಕ್ಟರುಗಳನ್ನು ಕೊಂಡದ್ದು ಭಾರಿ ಫಿರಂಗಿ ಎಳೆಯಲು. ಅದು ಟ್ರಾಕ್ಟರಿಗೆ ಹೊಸ ಕೆಲಸವೇನಲ್ಲ. ನೇಗಿಲ ಬದಲು ಹಿಂದೆ ಫಿರಂಗಿ, ಅಷ್ಟೇ. ಕುದುರೆಗಳು ಹೊಟ್ಟೆಮಟ್ಟ ಕೆಸರಲ್ಲಿ ಒದ್ದಾಡುವಾಗ ಹೋಲ್ಟ್ ಎಳೆದುಕೊಂಡು ಹೋಗುತ್ತಿತ್ತು. ಈ ಕೆಲಸದಲ್ಲಿ ಅದಕ್ಕೆ ನೂರಕ್ಕೆ ನೂರು ಅಂಕ.

ಅಷ್ಟರಲ್ಲಿ ಫ್ರಾನ್ಸಿನ ಯುದ್ಧ ನಿಂತಲ್ಲೇ ನಿಂತಿತ್ತು. ಎರಡೂ ಕಡೆಯವರು ಕಂದಕ ತೋಡಿ ಕೂತಿದ್ದರು. ನಡುವೆ ಮುಳ್ಳುತಂತಿ. ಎದ್ದು ಓಡಿದವರನ್ನು ಮೆಷಿನ್ ಗನ್ ಮಲಗಿಸುತ್ತಿತ್ತು. ಬ್ರಿಟಿಷ್ ಸೇನೆಯ ಎಂಜಿನಿಯರ್ ಅಧಿಕಾರಿ ಅರ್ನೆಸ್ಟ್ ಸ್ವಿಂಟನ್ ಆಗ ಫ್ರಾನ್ಸಿನಿಂದ ಯುದ್ಧದ ಅಧಿಕೃತ ವರದಿ ಬರೆಯುತ್ತಿದ್ದರು. ಹೋಲ್ಟ್ ಟ್ರಾಕ್ಟರ್ ಬಗ್ಗೆ ಗೆಳೆಯರೊಬ್ಬರು ಯುದ್ಧಕ್ಕೆ ಮುಂಚೆಯೇ ಅವರಿಗೆ ಪತ್ರ ಬರೆದಿದ್ದರು. 1914ರ ಅಕ್ಟೋಬರಿನಲ್ಲಿ ಅವರಿಗೆ ಅದು ನೆನಪಾಯಿತು. ಈ ಗಾಡಿಗೆ ಗುಂಡು ತೂರದ ಉಕ್ಕು ಹೊದಿಸಿದರೆ? ತಂತಿ ತುಳಿದುಕೊಂಡು, ಕಂದಕ ದಾಟಿಕೊಂಡು ಹೋಗಬಹುದಲ್ಲ?

ಕವಚದ ಗಾಡಿ ಅನ್ನುವುದು ಆಗಲೇ ಹೊಸದೇನಲ್ಲ. ಸ್ಟೀಮ್ ನೇಗಿಲುಗಳಿಗೆ ಹೆಸರಾಗಿದ್ದ ಲೀಡ್ಸ್‌ನ ಫೌಲರ್ ಕಂಪನಿ ದಕ್ಷಿಣ ಆಫ್ರಿಕಾದ ಬೋಯರ್ ಯುದ್ಧಕ್ಕಾಗಿ 1900ರಲ್ಲೇ ತನ್ನ ಸ್ಟೀಮ್ ಎಂಜಿನ್ನುಗಳಿಗೆ ಉಕ್ಕು ಹೊದಿಸಿ ಕೊಟ್ಟಿತ್ತು. ಆದರೆ ಅವು ಚಕ್ರದ ಗಾಡಿಗಳು, ದಾರಿ ಬಿಟ್ಟು ಹೋಗುವಂಥವಲ್ಲ. ಸ್ವಿಂಟನ್‌ಗೆ ಬೇಕಾಗಿದ್ದದ್ದು ದಾರಿಯೇ ಇಲ್ಲದ ಕಡೆ ಹೋಗುವ ಗಾಡಿ.

1915ರ ಫೆಬ್ರವರಿ 17ರಂದು ಇಂಗ್ಲೆಂಡಿನ ಶೂಬರಿನೆಸ್‌ನಲ್ಲಿ ಪರೀಕ್ಷೆ ಇಟ್ಟರು. ಕವಚದ ತೂಕಕ್ಕೆ ಬದಲಾಗಿ ಹೋಲ್ಟ್ ಟ್ರಾಕ್ಟರಿಗೆ ಭಾರ ಕಟ್ಟಿ, ಕಂದಕ ಮತ್ತು ತಂತಿಯ ಕಡೆ ಬಿಟ್ಟರು. ಮಳೆಗೆ ನೆನೆದ ನೆಲ. ಗಾಡಿ ಸಿಕ್ಕಿಬಿತ್ತು. ನೋಡಲು ಬಂದ ಸೇನಾಧಿಕಾರಿಗಳು ಇದು ಆಗುವ ಹೋಗುವ ಮಾತಲ್ಲ ಅಂತ ಕೈಬಿಟ್ಟರು. ಕೆಸರಿಗೇ ಹುಟ್ಟಿದ ಗಾಡಿ ಕೆಸರಲ್ಲೇ ಸೋತಿತು.

ಯಾಕೆ ಸೋತಿತು ಅಂತ ಇಲ್ಲೇ ಸ್ವಲ್ಪ ನಿಂತು ನೋಡೋಣ. ಹೊಲ ಎಷ್ಟೇ ಮೆತ್ತಗಿದ್ದರೂ ಸಮತಟ್ಟು. ಟ್ರಾಕ್ಟರ್ ಮಾಡಿದ್ದು ಸಮತಟ್ಟಾದ ಮೆತ್ತನೆ ನೆಲಕ್ಕೆ. ಯುದ್ಧದ ನೆಲದಲ್ಲಿ ಗುಂಡಿ ಇದೆ, ದಿಬ್ಬ ಇದೆ, ಆಳದ ಕಂದಕ ಇದೆ. ಕಂದಕ ದಾಟಬೇಕಾದರೆ ಗಾಡಿಯ ಮೂತಿ ಆಚೆ ದಡ ಹಿಡಿಯುವ ತನಕ ಹಿಂಭಾಗ ಈಚೆ ದಡದಲ್ಲೇ ಇರಬೇಕು, ನಡುಭಾರ ಕಂದಕದ ಬಾಯಿಗೆ ಬೀಳಬಾರದು. ಅದಕ್ಕೆ ಉದ್ದ ಬೇಕು. ಹೋಲ್ಟ್‌ನ ಚೈನ್ ಗಿಡ್ಡ. ದಿಬ್ಬ ಹತ್ತಬೇಕಾದರೆ ಚೈನಿನ ಮುಂದಿನ ತುದಿ ಎತ್ತರದಲ್ಲಿರಬೇಕು, ದಿಬ್ಬಕ್ಕೆ ಮೊದಲು ತಾಗುವುದು ಚೈನೇ ಆಗಿರಬೇಕು. ಹೋಲ್ಟ್‌ನಲ್ಲಿ ಮೊದಲು ತಾಗುತ್ತಿದ್ದದ್ದು ಮೂತಿಯ ಆ ಒಂಟಿ ಚಕ್ರ. ಇನ್ನು ಮೇಲಿಂದ ಕವಚ ಹೇರಿದರೆ ಏನಾಗುತ್ತದೆ? ಎಳೆಯಲು ಮಾಡಿದ ಗಾಡಿ ಹೊರಬೇಕಾಗುತ್ತದೆ. ಗಾಳಿಗೆ ತೆರೆದುಕೊಂಡಿದ್ದ ಎಂಜಿನ್ ಉಕ್ಕಿನ ಪೆಟ್ಟಿಗೆಯೊಳಗೆ ಬೇಯುತ್ತದೆ. ಡ್ರೈವರ್‌ಗೆ ಹಿಂದೆ ಮುಂದೆ ಏನೂ ಕಾಣುವುದಿಲ್ಲ.

ಸೇನೆ ಕೈಬಿಟ್ಟರೂ ನೌಕಾಪಡೆ ಬಿಡಲಿಲ್ಲ. ನೆಲದ ಮೇಲೆ ಓಡುವ ಗಾಡಿಗೂ ನೌಕಾಪಡೆಗೂ ಏನು ಸಂಬಂಧ ಅಂತ ಕೇಳಬೇಡಿ. ಆಗ ನೌಕಾಪಡೆಯ ಮಂತ್ರಿ ವಿನ್‌ಸ್ಟನ್ ಚರ್ಚಿಲ್, ಅವರಿಗೆ ಈ ಹುಚ್ಚು ಹಿಡಿದಿತ್ತು. ಅದೇ ಫೆಬ್ರವರಿಯಲ್ಲಿ 'ನೆಲಹಡಗು ಸಮಿತಿ' ಮಾಡಿಸಿದರು, ಹಡಗು ಕಟ್ಟುವ ಎಂಜಿನಿಯರ್ ಟೆನಿಸನ್ ಡೀನ್‌ಕೋರ್ಟ್ ಅದರ ಮುಖ್ಯಸ್ಥರು. ಈ ಸಮಿತಿ ಅಮೆರಿಕದ ಟ್ರಾಕ್ಟರುಗಳನ್ನು ಒಂದೊಂದಾಗಿ ತರಿಸಿ ನೋಡಿತು. ಮೂರು ಚೈನಿನ ಕಿಲ್ಲನ್-ಸ್ಟ್ರೇಟ್ ಎಂಬ ಟ್ರಾಕ್ಟರ್ ಬಂತು. 1915ರ ಜೂನ್ 30ರಂದು ಲಂಡನ್ನಿನ ವರ್ಮ್‌ವುಡ್ ಸ್ಕ್ರಬ್ಸ್ ಬಯಲಲ್ಲಿ ಚರ್ಚಿಲ್ ಮತ್ತು ಲಾಯ್ಡ್ ಜಾರ್ಜ್ ಎದುರು ಅದು ಮುಳ್ಳುತಂತಿ ಕತ್ತರಿಸಿ ತೋರಿಸಿತು. ಮುಂದಿನ ತಿಂಗಳು ಅದರ ಮೇಲೆ ಕವಚದ ಕಾರೊಂದರ ಉಕ್ಕಿನ ಮೈಯನ್ನು ಎತ್ತಿ ಕೂರಿಸಿದರು. ಉಕ್ಕು ತೊಟ್ಟ ಚೈನ್ ಗಾಡಿಗಳಲ್ಲಿ ಇದೇ ಮೊದಲನೆಯದು ಅಂತ ಲೆಕ್ಕ. ನೋಡಲು ಚೆನ್ನಾಗಿತ್ತು, ಯುದ್ಧಕ್ಕೆ ಆಗುವಂಥದ್ದಲ್ಲ. ಕಂದಕ ದಾಟುವ ಉದ್ದ ಅದಕ್ಕೂ ಇರಲಿಲ್ಲ.

ನಿಜವಾದ ಕೆಲಸ ನಡೆದದ್ದು ಲಿಂಕನ್ ಎಂಬ ಊರಲ್ಲಿ. ಅಲ್ಲಿನ ವಿಲಿಯಂ ಫಾಸ್ಟರ್ ಕಂಪನಿ ಒಕ್ಕಣೆ ಯಂತ್ರ, ಸ್ಟೀಮ್ ಎಂಜಿನ್ ಮಾಡಿ ಬದುಕುತ್ತಿದ್ದ ಪಕ್ಕಾ ರೈತರ ಕಾರ್ಖಾನೆ. ಅದರ ಮುಖ್ಯಸ್ಥ ವಿಲಿಯಂ ಟ್ರಿಟನ್, ಜೊತೆಗೆ ಎಂಜಿನಿಯರ್ ವಾಲ್ಟರ್ ವಿಲ್ಸನ್. ಇಬ್ಬರೂ ವೈಟ್ ಹಾರ್ಟ್ ಹೋಟೆಲಿನ ಒಂದು ಕೋಣೆಯಲ್ಲಿ ಕೂತು ನಕ್ಷೆ ಬರೆಯುತ್ತಿದ್ದರು. ಚಿಕಾಗೋದ ಬುಲ್ಲಕ್ ಕಂಪನಿಯಿಂದ ಉದ್ದ ಮಾಡಿಸಿದ ಚೈನುಗಳನ್ನು ತರಿಸಿ, ಮೇಲೆ ಕಬ್ಬಿಣದ ಪೆಟ್ಟಿಗೆ ಕಟ್ಟಿದರು. ಎಂಜಿನ್ ಫಾಸ್ಟರ್ ಕಂಪನಿಯ ದೊಡ್ಡ ಟ್ರಾಕ್ಟರಿನದೇ, 105 ಎಚ್‌ಪಿಯ ಡೈಮ್ಲರ್. ಆಗಸ್ಟ್ 11ಕ್ಕೆ ಶುರು ಮಾಡಿ ಸೆಪ್ಟೆಂಬರಿನ ಎರಡನೇ ವಾರದ ಹೊತ್ತಿಗೆ ಓಡಿಸಿಯೇ ಬಿಟ್ಟರು.

ಓಡಿತು, ಆದರೆ ಚೈನ್ ನಿಲ್ಲಲಿಲ್ಲ. ಹೊಲದಲ್ಲಿ ಚೈನಿನ ಕೆಳಭಾಗಕ್ಕೆ ಯಾವಾಗಲೂ ನೆಲದ ಆಸರೆ ಇರುತ್ತದೆ. ಗಾಡಿ ಕಂದಕದ ಮೇಲೆ ಬಂದಾಗ ಆ ಆಸರೆ ತಪ್ಪುತ್ತದೆ. ನಡುವೆ ಚೈನ್ ಜೋತುಬೀಳುತ್ತದೆ. ಆಚೆ ದಡ ಸಿಕ್ಕಾಗ ಆ ಜೋತುಬಿದ್ದ ಭಾಗ ತಿರುಗಿ ತನ್ನ ಗಾಲಿಗಳ ಕೆಳಗೆ ಸರಿಯಾಗಿ ಕೂರಬೇಕು. ಕೂರುತ್ತಿರಲಿಲ್ಲ. ಒಂದೋ ಕಚ್ಚಿಕೊಳ್ಳುತ್ತಿತ್ತು, ಇಲ್ಲವೇ ಕಳಚಿಕೊಳ್ಳುತ್ತಿತ್ತು. ಬುಲ್ಲಕ್ ಚೈನ್ ಕೆಟ್ಟದ್ದು ಅಂತ ಅಲ್ಲ. ಅದನ್ನು ಮಾಡಿದವರಿಗೆ ಹೀಗೆ ಗಾಳಿಯಲ್ಲಿ ನೇತಾಡುವ ಸಂದರ್ಭ ಬರಬಹುದು ಅನ್ನುವ ಯೋಚನೆಯೇ ಇರಲಿಲ್ಲ. ಯಾವ ರೈತ ಕಂದಕದ ಮೇಲೆ ಟ್ರಾಕ್ಟರ್ ಹೊಡೆಯುತ್ತಾನೆ?

ಟ್ರಿಟನ್ ಹೊಸ ಚೈನನ್ನೇ ಮಾಡಿದ. ಒತ್ತಿ ಮಾಡಿದ ಉಕ್ಕಿನ ತಗಡುಗಳನ್ನು ಎರಕದ ಕೊಂಡಿಗಳಿಗೆ ರಿವೆಟ್ ಹೊಡೆದು ಜೋಡಿಸಿದ. ಚೈನಿನ ಒಳಮುಖಕ್ಕೆ ಗಾಡಿಯ ಚೌಕಟ್ಟನ್ನು ಹಿಡಿದುಕೊಳ್ಳುವ ಅಂಚು ಕೊಟ್ಟ. ಇನ್ನು ಕೆಳಗೆ ನೆಲ ಇರಲಿ ಬಿಡಲಿ, ಚೈನ್ ಜೋತುಬೀಳುವಂತಿಲ್ಲ. ನನ್ನ ಲೆಕ್ಕದಲ್ಲಿ ಟ್ರಾಕ್ಟರ್ ಮತ್ತು ಟ್ಯಾಂಕ್ ಬೇರೆ ಬೇರೆಯಾದ ಗಳಿಗೆ ಇದೇ, 1915ರ ಸೆಪ್ಟೆಂಬರ್. ಎಲ್ಲರೂ ತೋಪು, ಕವಚದ ಬಗ್ಗೆ ಮಾತಾಡುತ್ತಾರೆ. ಕೆಲಸ ಆದದ್ದು ಈ ಸಣ್ಣ ಅಂಚಿನಿಂದ. ಈ ಗಾಡಿಗೆ ಆಮೇಲೆ 'ಲಿಟಲ್ ವಿಲ್ಲಿ' ಅಂತ ಹೆಸರು ಬಂತು.

ಆದರೂ ಲಿಟಲ್ ವಿಲ್ಲಿ ಯುದ್ಧಕ್ಕೆ ಹೋಗಲಿಲ್ಲ. ಅದನ್ನು ಕಟ್ಟುತ್ತಿರುವಾಗಲೇ ಸೇನೆ ಬೇಡಿಕೆ ಏರಿಸಿತ್ತು: 8 ಅಡಿ ಅಗಲದ ಕಂದಕ ದಾಟಬೇಕು, ನಾಲ್ಕೂವರೆ ಅಡಿ ಎತ್ತರದ ದಿಬ್ಬ ಹತ್ತಬೇಕು. ಟ್ರಾಕ್ಟರಿನ ಆಕಾರದಲ್ಲಿ ಇದು ಆಗದು ಅಂತ ವಿಲ್ಸನ್‌ಗೆ ಅರ್ಥವಾಗಿತ್ತು. ಚೈನನ್ನು ಗಾಡಿಯ ಕೆಳಗೆ ಸುತ್ತುವ ಬದಲು ಇಡೀ ಗಾಡಿಯ ಮೈಸುತ್ತ, ತಲೆಯ ಮೇಲಿಂದ ಸುತ್ತಿಬಿಟ್ಟರೆ? ಪಕ್ಕದಿಂದ ನೋಡಿದರೆ ಒರಗಿದ ಚೌಕದ ಹಾಗೆ ಕಾಣುವ ಆ ಆಕಾರ ಹುಟ್ಟಿದ್ದು ಹಾಗೆ. ಮುಂದಿನ ಮೂಲೆ ಎತ್ತರದಲ್ಲಿರುವುದರಿಂದ ದಿಬ್ಬಕ್ಕೆ ಮೊದಲು ತಾಗುವುದು ಚೈನೇ. ಗಾಡಿಯ ಉದ್ದವಿಡೀ ಚೈನಿನ ಉದ್ದ.

1916ರ ಆರಂಭದಲ್ಲಿ ಈ ಹೊಸ ಗಾಡಿ ಓಡಿತು. ಸೆಪ್ಟೆಂಬರ್ 15ರಂದು ಸೋಮ್ ನದಿ ಬಳಿಯ ಫ್ಲೆರ್-ಕೂರ್ಸೆಲೆಟ್‌ನಲ್ಲಿ ಯುದ್ಧಕ್ಕೆ ಇಳಿಯಿತು. ಇದ್ದದ್ದು 49, ಹೊರಡುವ ಗೆರೆ ತನಕ ತಲುಪಿದ್ದು 32. ಉಳಿದವು ದಾರಿಯಲ್ಲೇ ಕೆಟ್ಟು ಕೂತವು. ಟ್ರಾಕ್ಟರಿನ ಗುಣ ಇವುಗಳಿಂದ ಪೂರ್ತಿ ಹೋಗಿರಲಿಲ್ಲ. ಎಂಜಿನ್ ಅದೇ 105 ಎಚ್‌ಪಿಯದು, ಈಗ 28 ಟನ್ ಎಳೆಯಬೇಕು. ತಿರುಗಿಸಲು ಹಿಂದೆ ಎರಡು ಚಕ್ರ ಜೋಡಿಸಿದ್ದರು, ಆಮೇಲೆ ಪ್ರಯೋಜನ ಇಲ್ಲ ಅಂತ ತೆಗೆದರು. ನಿಜವಾಗಿ ತಿರುಗಿಸಬೇಕಾದರೆ ಒಂದು ಕಡೆ ಚೈನ್ ನಿಲ್ಲಿಸಿ ಇನ್ನೊಂದು ಕಡೆಯದನ್ನು ಓಡಿಸಬೇಕು, ಅದಕ್ಕೆ ನಾಲ್ಕು ಜನ ಬೇಕಿತ್ತು. ಡ್ರೈವರ್ ಮುಂದೆ, ಪಕ್ಕದಲ್ಲಿ ಬ್ರೇಕ್ ಹಿಡಿಯುವ ಅಧಿಕಾರಿ, ಹಿಂದೆ ಎಡಕ್ಕೊಬ್ಬ ಬಲಕ್ಕೊಬ್ಬ ಗೇರು ಹಾಕುವವರು. ಎಂಜಿನ್ ಸದ್ದಿನಲ್ಲಿ ಕೂಗಿದರೆ ಕೇಳದು. ಎಂಜಿನ್ ಮುಚ್ಚಳದ ಮೇಲೆ ಬಡಿದು ಗಮನ ಸೆಳೆದು, ಕೈಸನ್ನೆ ಮಾಡಿ ಹೇಳಬೇಕಿತ್ತು. ಎಂಜಿನ್ ಇದ್ದದ್ದು ಎಂಟು ಜನರ ನಡುಮಧ್ಯೆ, ಅಡ್ಡ ಗೋಡೆಯೇ ಇಲ್ಲದೆ. ಒಳಗೆ 50 ಡಿಗ್ರಿ ಸೆಕೆ, ಜೊತೆಗೆ ಹೊಗೆ. ಹೊರಗಿನ ಗುಂಡಿಗಿಂತ ಒಳಗಿನ ಗಾಳಿಗೆ ಬಿದ್ದವರೂ ಇದ್ದರು.

ಫ್ರೆಂಚರದು ಇನ್ನೊಂದು ದಾರಿ. ಅವರು ಹೋಲ್ಟ್‌ನನ್ನೇ ನಂಬಿದರು. ಫಿರಂಗಿ ದಳದ ಕರ್ನಲ್ ಎಸ್ತಿಯೆನ್ ಬ್ರಿಟಿಷರ ಫಿರಂಗಿ ಎಳೆಯುತ್ತಿದ್ದ ಹೋಲ್ಟ್‌ಗಳನ್ನು ನೋಡಿ 1915ರ ಡಿಸೆಂಬರ್ 1ರಂದು ಸೇನಾಪತಿ ಜೋಫ್ರ್‌ಗೆ ಪತ್ರ ಬರೆದರು. ಅಷ್ಟರಲ್ಲಾಗಲೇ ಶ್ನೈಡರ್ ಕಂಪನಿಯ ಎಂಜಿನಿಯರ್ ಬ್ರಿಲ್ಯೆ ಹೋಲ್ಟ್‌ಗಳನ್ನು ತರಿಸಿ ಪರೀಕ್ಷೆ ನಡೆಸಿದ್ದ. ಹೋಲ್ಟ್ ಚೈನಿನ ಮೇಲೆ ಉಕ್ಕಿನ ಪೆಟ್ಟಿಗೆ ಕೂತಿತು, ಬಲಗಡೆ ಮೂಲೆಯಲ್ಲಿ ಗಿಡ್ಡ 75 ಎಂಎಂ ತೋಪು, ಆರು ಜನ, ಹದಿಮೂರೂವರೆ ಟನ್. ಇದು ಶ್ನೈಡರ್ ಟ್ಯಾಂಕ್. 1917ರ ಏಪ್ರಿಲ್ 16ರಂದು ಬೆರಿ-ಒ-ಬಾಕ್‌ನಲ್ಲಿ ಸುಮಾರು 130 ಗಾಡಿಗಳು ಹೊರಟವು. ಸೋಮ್ ನಂತರ ಎಚ್ಚೆತ್ತ ಜರ್ಮನರು ಕಂದಕಗಳನ್ನು ಅಗಲ ಮಾಡಿಟ್ಟಿದ್ದರು. ಗಿಡ್ಡ ಚೈನಿನ ಗಾಡಿಗಳು ಕಂದಕದ ಅಂಚಲ್ಲೇ ತಡವರಿಸಿದವು. ಫಿರಂಗಿಗಳು ಅವನ್ನು ಒಂದೊಂದಾಗಿ ಹೊಡೆದವು. ಪೆಟ್ರೋಲ್ ಟ್ಯಾಂಕು ಇದ್ದದ್ದು ಮುಂಭಾಗದಲ್ಲಿ. ಹತ್ತಿಕೊಂಡರೆ ಒಳಗಿದ್ದವರು ಉಳಿಯುವುದು ಕಷ್ಟ. ಅರ್ಧಕ್ಕಿಂತ ಜಾಸ್ತಿ ಗಾಡಿಗಳು ಅವತ್ತೇ ಹೋದವು. ದಳದ ಒಂದು ಗುಂಪನ್ನು ನಡೆಸುತ್ತಿದ್ದ ಮೇಜರ್ ಬೊಸ್ಸು ಕೂಡ ಸತ್ತರು.

ಸೇಂಟ್-ಶಾಮೋಂ ಎಂಬ ಇನ್ನೊಂದು ಕಂಪನಿ ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಯಿತು, ತಪ್ಪು ದಿಕ್ಕಿಗೆ. ಅದೇ ಹೋಲ್ಟ್ ಥರದ ಚೈನು, ಮೇಲೆ ದೊಡ್ಡ ತೋಪು, ಅದಕ್ಕೆ ಜಾಗ ಮಾಡಲು ಮೂತಿಯನ್ನು ಚೈನಿಗಿಂತ ತುಂಬಾ ಮುಂದಕ್ಕೆ ಚಾಚಿದರು. 23 ಟನ್. ಗುಂಡಿಗೆ ಇಳಿದರೆ ಮೂತಿ ಎದುರಿನ ಮಣ್ಣಿಗೆ ಹೂತು ಗಾಡಿ ನಿಂತೇಬಿಡುತ್ತಿತ್ತು. ಜರ್ಮನರ ಎ7ವಿ ಕೂಡ ಹೋಲ್ಟ್ ಸಂತಾನವೇ. ಆಸ್ಟ್ರಿಯಾದವರ ಕೈಯಲ್ಲಿದ್ದ ಹೋಲ್ಟ್ ನೋಡಿ ಜೋಸೆಫ್ ಫೋಲ್ಮರ್ ವಿನ್ಯಾಸ ಮಾಡಿದ. ಒಳಗೆ 18 ಜನ, 30 ಟನ್, ನೆಲಕ್ಕೂ ಹೊಟ್ಟೆಗೂ ನಡುವೆ ಒಂದು ಗೇಣು ಅಂತರ. ರಸ್ತೆಯಲ್ಲಿ ಚೆನ್ನಾಗಿ ಓಡುತ್ತಿತ್ತು, ಗುಂಡಿ ಬಿದ್ದ ನೆಲದಲ್ಲಿ ಮಗುಚುತ್ತಿತ್ತು. ಒಟ್ಟು ಮಾಡಿದ್ದು 20. ಟ್ಯಾಂಕಿಗೂ ಟ್ಯಾಂಕಿಗೂ ಮೊದಲ ಕಾಳಗ ನಡೆದದ್ದು ಇದಕ್ಕೂ ಬ್ರಿಟಿಷರ ಗಾಡಿಗಳಿಗೂ, 1918ರ ಏಪ್ರಿಲ್ 24ರಂದು ವಿಯೇ-ಬ್ರೆತೊನ್ಯೂನಲ್ಲಿ.

ಹೋಲ್ಟ್‌ನ ನೆರಳಿಂದ ಫ್ರೆಂಚರನ್ನು ಹೊರತಂದದ್ದು ರೆನೋ ಎಫ್‌ಟಿ. ಆರೂವರೆ ಟನ್, ಇಬ್ಬರೇ ಜನ, ಎಂಜಿನ್ ಹಿಂದೆ, ತಲೆಯ ಮೇಲೆ ಸುತ್ತಲೂ ತಿರುಗುವ ಗೋಪುರ. ಚೈನಿನ ಮುಂದೆ ದೊಡ್ಡ ಗಾಲಿ, ದಿಬ್ಬ ಹತ್ತಲೆಂದೇ. 1918ರ ಮೇ 31ರಂದು ಇದು ಯುದ್ಧಕ್ಕೆ ಬಂತು. ಇವತ್ತಿನ ಟ್ಯಾಂಕುಗಳ ಜೋಡಣೆ ಬಹುಪಾಲು ಇದರದ್ದೇ. ತಮಾಷೆ ಅಂದರೆ ಯುದ್ಧ ಮುಗಿದ ಮೇಲೆ ರೆನೋ ಕಂಪನಿ ಇದೇ ಎಫ್‌ಟಿಯ ಕೆಳಭಾಗ ಇಟ್ಟುಕೊಂಡು ರೈತರಿಗೆ ಟ್ರಾಕ್ಟರ್ ಮಾಡಿ ಮಾರಿತು.

ಇಷ್ಟೆಲ್ಲ ಆದ ಮೇಲೂ ಟ್ರಾಕ್ಟರಿಗೆ ತಗಡು ಹೊದಿಸುವ ಆಸೆ ಹೋಗಲಿಲ್ಲ. 1930ರ ದಶಕದಲ್ಲಿ ಅಮೆರಿಕದ ಗರಗಸ ಕಂಪನಿ ಡಿಸ್ಟನ್, ಕ್ಯಾಟರ್‌ಪಿಲ್ಲರ್ ಟ್ರಾಕ್ಟರಿನ ಮೇಲೆ ಇಳಿಸುವ ಉಕ್ಕಿನ ಪೆಟ್ಟಿಗೆ ಮಾಡಿತು. ಬಡ ದೇಶಗಳಿಗೆ ಅಗ್ಗದ ಟ್ಯಾಂಕ್ ಅನ್ನುವುದು ವ್ಯಾಪಾರದ ಮಾತು. ಕೆಲವು ಅಫ್ಘಾನಿಸ್ತಾನಕ್ಕೆ ಹೋದವು.

ನ್ಯೂಜಿಲೆಂಡಿನದು ಎಲ್ಲರೂ ನಗುವ ಕತೆ, ಆದರೆ ನನಗೆ ಅವರ ಮೇಲೆ ಕನಿಕರ ಇದೆ. 1940ರಲ್ಲಿ ಜಪಾನ್ ಬಂದು ಇಳಿದರೆ ಏನು ಗತಿ ಅನ್ನುವ ಭಯ. ಬ್ರಿಟನ್ನಿಗೆ ತನ್ನದೇ ತಲೆನೋವು, ಟ್ಯಾಂಕ್ ಕಳಿಸುವ ಸ್ಥಿತಿ ಇಲ್ಲ. ಲೋಕೋಪಯೋಗಿ ಮಂತ್ರಿ ಬಾಬ್ ಸೆಂಪಲ್ ಕೈಯಲ್ಲಿ ಇದ್ದದ್ದು ರಸ್ತೆ ಕೆಲಸದ ಕ್ಯಾಟರ್‌ಪಿಲ್ಲರ್ ಡಿ8 ಟ್ರಾಕ್ಟರುಗಳು. ಕವಚದ ಉಕ್ಕು ಸಿಗಲಿಲ್ಲ ಅಂತ ಸುಕ್ಕು ಸುಕ್ಕಾದ ತಗಡನ್ನೇ ಹೊದಿಸಿದರು. ಎತ್ತರ 12 ಅಡಿ. ಸುತ್ತ ಆರು ಬ್ರೆನ್ ಗನ್. ಅದರಲ್ಲಿ ಒಬ್ಬ ಎಂಜಿನ್ ಮೇಲೆ ಹಾಸಿಗೆ ಹಾಕಿಕೊಂಡು ಮಲಗಿ ಗುಂಡು ಹಾರಿಸಬೇಕಿತ್ತು. ಗೇರು ಬದಲಾಯಿಸಲು ಗಾಡಿ ನಿಲ್ಲಿಸಬೇಕು. 25 ಟನ್ ತೂಕ ಓಲಾಡುತ್ತಿತ್ತು, ಗುರಿ ನಿಲ್ಲುತ್ತಿರಲಿಲ್ಲ. ಮೆರವಣಿಗೆಯಲ್ಲಿ ಜನ ನಕ್ಕರು. ಕೊನೆಗೆ ತಗಡು ಕಳಚಿ ಟ್ರಾಕ್ಟರುಗಳನ್ನು ಮತ್ತೆ ಮಣ್ಣಿನ ಕೆಲಸಕ್ಕೆ ಕಳಿಸಿದರು. ಎಳೆಯಲು ಮಾಡಿದ್ದನ್ನು ಹೊರಲು ಹಚ್ಚಿದರೆ ಏನಾಗುತ್ತದೋ ಎಲ್ಲ ಇಲ್ಲಿ ಒಟ್ಟಿಗೆ ಆಗಿತ್ತು.

ಒಡೆಸ್ಸಾದಲ್ಲಿ ಮಾತ್ರ ಇಂಥ ಗಾಡಿ ಕೆಲಸಕ್ಕೆ ಬಂತು. 1941ರಲ್ಲಿ ರೊಮೇನಿಯಾ ಸೇನೆ ಆ ಬಂದರು ನಗರವನ್ನು ಮುತ್ತಿತ್ತು. ಒಳಗಿದ್ದ ಸೋವಿಯತ್ ಕೆಲಸಗಾರರು ಎಸ್‌ಟಿಝಡ್-5 ಎಂಬ ಚೈನ್ ಟ್ರಾಕ್ಟರುಗಳಿಗೆ ಹಡಗಿನ ಉಕ್ಕು ಹೊದಿಸಿದರು, ಎರಡು ತಗಡಿನ ನಡುವೆ ಮರದ ಹಲಗೆ. ಕೆಟ್ಟುಹೋದ ಟ್ಯಾಂಕುಗಳಿಂದ ಬಿಚ್ಚಿದ ಗೋಪುರ ಕೆಲವಕ್ಕೆ ಸಿಕ್ಕಿತು. ಗಾಡಿಯ ಹೆಸರು 'ಎನ್‌ಐ'. 'ನಾ ಇಸ್ಪುಗ್', ಅಂದರೆ ಹೆದರಿಸುವುದಕ್ಕೆ! ಮಾಡಿದವರಿಗೇ ಅದರ ಯೋಗ್ಯತೆ ಗೊತ್ತಿತ್ತು ನೋಡಿ. ಸೆಪ್ಟೆಂಬರ್ 20ರ ರಾತ್ರಿ ಇವನ್ನು ಹೆಡ್‌ಲೈಟ್ ಹಾಕಿ, ಸೈರನ್ ಕೂಗಿಸಿಕೊಂಡು ನುಗ್ಗಿಸಿದರು. ಕತ್ತಲಲ್ಲಿ ಎದುರಿಗಿದ್ದವರಿಗೆ ಬಂದದ್ದು ಟ್ರಾಕ್ಟರೋ ಟ್ಯಾಂಕೋ ತಿಳಿಯದು. ಓಡಿದರು. ಎದುರಾಳಿಯ ಬಳಿ ಟ್ಯಾಂಕ್ ಹೊಡೆಯುವ ತೋಪು ಕಡಿಮೆ ಇದ್ದಾಗ, ಅದೂ ರಾತ್ರಿ ಹೊತ್ತು, ತಗಡಿನ ಟ್ರಾಕ್ಟರೂ ಟ್ಯಾಂಕಿನ ಕೆಲಸ ಮಾಡುತ್ತದೆ. ಹಗಲಲ್ಲಿ, ಸರಿಯಾದ ಫಿರಂಗಿಯ ಎದುರು ಬೇರೆ ಮಾತು.

ಸೋವಿಯತ್ ಸೇನೆಗೆ ಇಂಥ ಟ್ರಾಕ್ಟರಿಗಿಂತ ಟ್ರಾಕ್ಟರಿನ ಕಾರ್ಖಾನೆ ಸಾವಿರ ಪಾಲು ಜಾಸ್ತಿ ಉಪಯೋಗಕ್ಕೆ ಬಂತು. ಸ್ಟಾಲಿನ್‌ಗ್ರಾಡ್ ಟ್ರಾಕ್ಟರ್ ಕಾರ್ಖಾನೆ 1930ರಲ್ಲಿ ಶುರುವಾಗಿತ್ತು, ಕಟ್ಟಡದ ನಕ್ಷೆ ಡೆಟ್ರಾಯಿಟ್‌ನ ಆಲ್ಬರ್ಟ್ ಕಾನ್ ಕಂಪನಿಯದು. ಚೆಲ್ಯಾಬಿನ್ಸ್ಕ್ ಕಾರ್ಖಾನೆ 1933ರಿಂದ ಕ್ಯಾಟರ್‌ಪಿಲ್ಲರ್ 60ರ ನಕಲು ಮಾಡುತ್ತಿತ್ತು. ಯುದ್ಧ ಬಂದಾಗ ಅದೇ ಎರಕದ ಕುಲುಮೆ, ಅದೇ ಚೈನು ಕಟ್ಟುವ ಕೈಗಳು ಟ್ಯಾಂಕಿಗೆ ತಿರುಗಿದವು. ಚೆಲ್ಯಾಬಿನ್ಸ್ಕ್‌ಗೆ 'ಟ್ಯಾಂಕೋಗ್ರಾಡ್' ಅಂತಲೇ ಅಡ್ಡಹೆಸರು ಬಂತು. ಸ್ಟಾಲಿನ್‌ಗ್ರಾಡ್ ಕಾರ್ಖಾನೆ 1942ರಲ್ಲಿ ಶತ್ರು ಬಾಗಿಲಿಗೆ ಬಂದ ಮೇಲೂ ಟಿ-34 ಟ್ಯಾಂಕುಗಳನ್ನು ಮಾಡಿ ಕಳಿಸುತ್ತಿತ್ತು. ಈ ನಂಟು ಇನ್ನೂ ಇದೆ. ಕೆಜಿಎಫ್‌ನಲ್ಲಿ ಬುಲ್ಡೋಜರ್ ಮಾಡುವ ನಮ್ಮ ಬೆಮೆಲ್ ಕಂಪನಿಯೇ ಸೇನೆಗೆ, ಕೆಟ್ಟು ನಿಂತ ಟ್ಯಾಂಕುಗಳನ್ನು ಎಳೆದು ತರುವ ಕವಚದ ಗಾಡಿಗಳನ್ನೂ ಮಾಡಿಕೊಟ್ಟಿದೆ.

ಇವನ್ನೆಲ್ಲ ಕಣ್ಣಾರೆ ನೋಡುವ ಆಸೆ ಇದ್ದರೆ, ಲಿಟಲ್ ವಿಲ್ಲಿ ಇಂಗ್ಲೆಂಡಿನ ಬೋವಿಂಗ್ಟನ್ ಟ್ಯಾಂಕ್ ಮ್ಯೂಸಿಯಂನಲ್ಲಿದೆ. ಒಳಗೆ ಎಂಜಿನ್ ಇಲ್ಲ, ಬರೀ ಮೈ ಉಳಿದಿದೆ. ಆದರೆ ಟ್ರಿಟನ್‌ನ ಚೈನ್ ಇದೆ, ನೋಡಬೇಕಾದದ್ದೂ ಅದನ್ನೇ. ಶ್ನೈಡರ್, ಸೇಂಟ್-ಶಾಮೋಂ ಎರಡೂ ಫ್ರಾನ್ಸಿನ ಸೋಮೂರ್ ಮ್ಯೂಸಿಯಂನಲ್ಲಿ ಸಿಗುತ್ತವೆ. ಇಪ್ಪತ್ತು ಎ7ವಿಗಳಲ್ಲಿ ಉಳಿದದ್ದು ಒಂದೇ, ಹೆಸರು 'ಮೆಫಿಸ್ಟೋ'. ವಿಯೇ-ಬ್ರೆತೊನ್ಯೂ ಬಳಿ ಗುಂಡಿಗೆ ಸಿಕ್ಕಿಕೊಂಡದ್ದನ್ನು ಆಸ್ಟ್ರೇಲಿಯಾದ ಸೈನಿಕರು ಎಳೆದು ತಂದರು. ಈಗ ಅದು ಬ್ರಿಸ್ಬೇನ್‌ನ ಕ್ವೀನ್ಸ್‌ಲ್ಯಾಂಡ್ ಮ್ಯೂಸಿಯಂನಲ್ಲಿದೆ. ಅಲ್ಲಿರುವ ಕನ್ನಡಿಗರು ಒಂದು ಭಾನುವಾರ ಹೋಗಿ ಬಗ್ಗಿ ನೋಡಿ. ಹೊಟ್ಟೆಗೂ ನೆಲಕ್ಕೂ ನಡುವೆ ಎಷ್ಟು ಅಂತರ ಇದೆ ಅಂತ ಕಂಡರೆ, ಅದು ಯಾಕೆ ಗುಂಡಿಗೆ ಬಿತ್ತು ಅಂತ ಯಾರೂ ಹೇಳಬೇಕಾಗುವುದಿಲ್ಲ.